ಎಸ್‌ಡಿ ಬರುತ್ತದೆ, ಕನ್ನಡದ ಎಚ್‌ಡಿ ಮಾತ್ರ ಕೈಕೊಡುತ್ತಿದೆ

ರಿಮೋಟ್‌ರಾಯ:
ನಮಸ್ಕಾರ. ಎರಡು ವಾರದಿಂದ ತಲೆ ಕೆಟ್ಟಿದೆ, ಯಾರಾದರೂ ದಾರಿ ತೋರಿಸಿ.

ನಮ್ಮದು ಡಿಟಿಎಚ್. ಬಹಳ ವರ್ಷ ಎಸ್‌ಡಿ ಬಾಕ್ಸ್ ಇತ್ತು. ಹೋದ ತಿಂಗಳು ದೊಡ್ಡ ಟಿವಿ ತಂದ ಮೇಲೆ ಎಚ್‌ಡಿ ಬಾಕ್ಸ್ ಹಾಕಿಸಿದೆ. ಡಿಶ್, ಕೇಬಲ್ ಎಲ್ಲ ಹಳೆಯದೇ. ಈಗ ಕನ್ನಡದ ನಾಲ್ಕು ಎಚ್‌ಡಿ ಚಾನೆಲ್‌ಗಳಲ್ಲಿ ಎರಡು ಚೆನ್ನಾಗಿ ಬರುತ್ತವೆ, ಎರಡು ಬರುವುದೇ ಇಲ್ಲ. ಅವೇ ಚಾನೆಲ್‌ಗಳ ಎಸ್‌ಡಿ ಹಾಕಿದರೆ ಒಂದು ಚೂರೂ ತೊಂದರೆ ಇಲ್ಲ. ಅಂದಮೇಲೆ ಡಿಶ್ ಸರಿ ಇದೆ ಅಲ್ವಾ?

ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ‘ಬಾಕ್ಸ್ ಆಫ್ ಮಾಡಿ ಆನ್ ಮಾಡಿ’ ಅಂದರು. ಬಾಕ್ಸೇ ಡಬ್ಬಾ ಅಂತ ನನ್ನ ಅನುಮಾನ. ಬದಲಾಯಿಸಿ ಅಂತ ಜಗಳ ಮಾಡಲೇ?

ಗುಬ್ಬಿಗೂಡು:
ರಿಫ್ರೆಶ್ ಕಳಿಸಿ ನೋಡಿದ್ರಾ? ಅಂದರೆ ನಿಮ್ಮ ಚಂದಾ ವಿವರ ಬಾಕ್ಸ್‌ಗೆ ಮತ್ತೆ ಬರುವ ಹಾಗೆ ಕೇಳುವುದು. ಆ್ಯಪ್‌ನಲ್ಲೇ ಇರುತ್ತದೆ. ಆಮೇಲೆ ಬಾಕ್ಸ್ ಅನ್ನು ಅರ್ಧ ಗಂಟೆ ಆನ್ ಇಟ್ಟಿರಬೇಕು, ಸ್ಟ್ಯಾಂಡ್‌ಬೈನಲ್ಲಿ ಅಲ್ಲ. ನಮ್ಮ ಮನೆಯಲ್ಲಿ ಅದರಿಂದಲೇ ಸರಿಹೋಯಿತು.

ರಿಮೋಟ್‌ರಾಯ:
ಮಾಡಿದ್ದೇನೆ, ಎರಡು ಸಲ. ಏನೂ ಬದಲಾಗಲಿಲ್ಲ.

ದೊಡ್ಡಛತ್ರಿ:
60 ಸೆಂಟಿಮೀಟರ್ ಡಿಶ್ ಎಚ್‌ಡಿಗೆ ಸಾಲುವುದಿಲ್ಲ. 90ರದ್ದು ಹಾಕಿಸಿ, ಕಥೆ ಮುಗಿಯುತ್ತದೆ.

ತಾರಸಿವಾಸಿ:
ದೊಡ್ಡಛತ್ರಿ ಅವರೇ, ನಿಮ್ಮ ಹೆಸರಿಗೆ ತಕ್ಕ ಸಲಹೆ. ಆದರೆ ಸ್ವಲ್ಪ ತಡೆಯಿರಿ, ಸುಮ್ನೆ ದುಡ್ಡು ಹಾಕಿಸಬೇಡಿ. ಎರಡು ಎಚ್‌ಡಿ ಚೆನ್ನಾಗಿ ಬರುತ್ತಿವೆಯಲ್ಲ.

ರಿಮೋಟ್‌ರಾಯರೇ, ‘ಬರುವುದಿಲ್ಲ’ ಎಂದರೆ ಏನು? ಪರದೆಯ ಮೇಲೆ ಏನು ಬರೆದಿದೆ? ಎರಡು ಚಾನೆಲ್‌ಗೂ ಒಂದೇ ಮೆಸೇಜಾ? ಹಾಗೆಯೇ ಮೆನುವಿನಲ್ಲಿ ಸಿಗ್ನಲ್ ಪುಟ ತೆಗೆದು, ಬರುವ ಒಂದು ಚಾನೆಲ್ ಮತ್ತು ಬರದ ಒಂದು ಚಾನೆಲ್‌ನ ಸ್ಟ್ರೆಂತ್, ಕ್ವಾಲಿಟಿ ಎರಡನ್ನೂ ಬರೆದುಕೊಳ್ಳಿ. ಫ್ರೀಕ್ವೆನ್ಸಿ ಪಕ್ಕದಲ್ಲಿ ಎಚ್ ಅಥವಾ ವಿ ಅಂತ ಇರುತ್ತದೆ, ಅದೂ ಬೇಕು.

ಎಸ್‌ಡಿ ಬರುತ್ತದೆ ಎಂದರೆ ಡಿಶ್ ಸರಿ ಇದೆ ಅಂತ ಅರ್ಥವಲ್ಲ. ಹೆಸರು ಒಂದೇ ಇದ್ದರೂ ಎಸ್‌ಡಿ ಮತ್ತು ಎಚ್‌ಡಿ ಉಪಗ್ರಹದ ಬೇರೆ ಬೇರೆ ಟ್ರಾನ್ಸ್‌ಪಾಂಡರ್‌ನಿಂದ, ಅಂದರೆ ಪ್ರಸಾರ ಮಾಡುವ ಬೇರೆ ಬೇರೆ ಘಟಕದಿಂದ, ಬರಬಹುದು. ಒಂದೇ ಊರಿಗೆ ಎರಡು ರಸ್ತೆ ಇದ್ದ ಹಾಗೆ. ಒಂದರಲ್ಲಿ ಮರ ಬಿದ್ದರೆ ಇನ್ನೊಂದಕ್ಕೆ ಗೊತ್ತೇ ಆಗುವುದಿಲ್ಲ.

ರಿಮೋಟ್‌ರಾಯ:
ಈಗ ನೋಡಿದೆ. ಮೆಸೇಜ್ ಬೇರೆ ಬೇರೆ! ಇಷ್ಟು ದಿನ ಓದಿಯೇ ಇರಲಿಲ್ಲ, ನಾಚಿಕೆಯಾಗುತ್ತಿದೆ.

ಒಂದರಲ್ಲಿ ‘ಸಿಗ್ನಲ್ ಸಿಗುತ್ತಿಲ್ಲ’ ಅಂತಿದೆ. ಇನ್ನೊಂದರಲ್ಲಿ ‘ಈ ಚಾನೆಲ್‌ಗೆ ನೀವು ಚಂದಾದಾರರಲ್ಲ’ ಅಂತಿದೆ.

ಬರುವ ಚಾನೆಲ್: ಸ್ಟ್ರೆಂತ್ 84, ಕ್ವಾಲಿಟಿ 76, ವಿ.
ಸಿಗ್ನಲ್ ಇಲ್ಲ ಎನ್ನುವ ಚಾನೆಲ್: ಸ್ಟ್ರೆಂತ್ 81, ಕ್ವಾಲಿಟಿ 0, ಎಚ್.

ಸ್ಟ್ರೆಂತ್ ಅಷ್ಟೊಂದು ಇದ್ದೂ ಕ್ವಾಲಿಟಿ ಸೊನ್ನೆ ಹೇಗೆ?

ತಾರಸಿವಾಸಿ:
ಭಲೇ. ನಿಮಗಿರುವುದು ಒಂದು ತೊಂದರೆಯಲ್ಲ, ಎರಡು. ಅದಕ್ಕೇ ಯಾರ ಸಲಹೆಯೂ ಪೂರ್ತಿ ನಾಟಲಿಲ್ಲ. ಚಂದಾ ವಿಷಯ ಬೇರೆಯವರು ಹೇಳುತ್ತಾರೆ. ನಾನು ಸೊನ್ನೆಯ ಕಥೆ ಹೇಳುತ್ತೇನೆ.

ಇನ್ನೊಂದು ಕೆಲಸ ಮಾಡಿ. ಎಚ್ ಅಂತ ಬರುವ ಬೇರೆ ಯಾವುದಾದರೂ ಚಾನೆಲ್ ಇದೆಯಾ ನೋಡಿ. ನೀವು ಎಂದೂ ನೋಡದ ಭಾಷೆಯ ಚಾನೆಲ್ ಆದರೂ ಸರಿ.

ರಿಮೋಟ್‌ರಾಯ:
ಸರ್, ಒಂದೂ ಇಲ್ಲ! ಇಪ್ಪತ್ತೈದು ಚಾನೆಲ್ ಒತ್ತಿ ನೋಡಿದೆ. ಎಚ್ ಇರುವುದೆಲ್ಲ ಕಪ್ಪು, ವಿ ಇರುವುದೆಲ್ಲ ಬರುತ್ತದೆ. ನಾವು ನೋಡುವುದೇ ಹತ್ತು ಚಾನೆಲ್. ಉಳಿದದ್ದು ಯಾವತ್ತಿನಿಂದ ಹೋಗಿದೆಯೋ ದೇವರಿಗೇ ಗೊತ್ತು.

ತಾರಸಿವಾಸಿ:
ಹಾಗಾದರೆ ಬಾಕ್ಸ್ ಮೇಲಿನ ಅನುಮಾನ ಸದ್ಯಕ್ಕೆ ಪಕ್ಕಕ್ಕಿಡಿ.

ಉಪಗ್ರಹ ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಥರ ಅಲೆ ಕಳಿಸುತ್ತದೆ. ಒಂದು ಅಡ್ಡ, ಒಂದು ಲಂಬ. ಅದೇ ಎಚ್ ಮತ್ತು ವಿ. ಡಿಶ್ ತುದಿಯಲ್ಲಿರುವ ಎಲ್‌ಎನ್‌ಬಿ ಒಂದು ಸಲಕ್ಕೆ ಒಂದನ್ನೇ ಹಿಡಿಯುತ್ತದೆ. ಯಾವುದನ್ನು ಹಿಡಿಯಬೇಕು ಅಂತ ಹೇಳುವುದು ಬಾಕ್ಸ್, ಅದೂ ಅದೇ ಕೇಬಲ್‌ನಲ್ಲಿ ವೋಲ್ಟೇಜ್ ಕಳಿಸಿ. ಸುಮಾರು 13 ವೋಲ್ಟ್ ಬಂದರೆ ವಿ, 18 ಬಂದರೆ ಎಚ್.

ಈಗ ದಾರಿಯಲ್ಲಿ ಎಲ್ಲೋ ಜಾಯಿಂಟ್ ತುಕ್ಕು ಹಿಡಿದಿದೆ ಅಂದುಕೊಳ್ಳಿ. ಬಾಕ್ಸ್ 18 ಕಳಿಸುತ್ತದೆ, ಮೇಲೆ ತಲುಪುವುದು 14 ಚಿಲ್ಲರೆ. ಎಲ್‌ಎನ್‌ಬಿಗೆ ಅದು 13ರ ಹಾಗೇ ಕಾಣುತ್ತದೆ. ಹಾಗಾಗಿ ವಿಯಲ್ಲೇ ಕೂತಿರುತ್ತದೆ. ಅಲೆ ಬರುತ್ತಿದೆ, ಅದಕ್ಕೇ ಸ್ಟ್ರೆಂತ್ 81. ಆದರೆ ಬಾಕ್ಸ್ ಕೇಳಿದ ಅಲೆ ಅದಲ್ಲ, ಅದಕ್ಕೇ ಕ್ವಾಲಿಟಿ 0. ಡಿಶ್ ತಿರುಗಿದ್ದರೆ ಎರಡೂ ಕಡೆ ಕ್ವಾಲಿಟಿ ಬೀಳಬೇಕಿತ್ತು. 90 ಅಲ್ಲ, 180ರ ಡಿಶ್ ಹಾಕಿದರೂ ಇದು ಸರಿಹೋಗುವುದಿಲ್ಲ.

ಎಲ್‌ಎನ್‌ಬಿಯೇ ಕೆಟ್ಟಿರಲೂಬಹುದು. ಆದರೆ ಮೊದಲು ಕೇಬಲ್ ನೋಡಿ, ಅದಕ್ಕೆ ಖರ್ಚಿಲ್ಲ. ನಡುವೆ ಜಾಯಿಂಟ್ ಇದೆಯಾ? ಕೇಬಲ್ ಎರಡಾಗಿ ಒಡೆಯುವ ಸ್ಪ್ಲಿಟರ್? ಬಿಚ್ಚುವ ಮೊದಲು ಬಾಕ್ಸ್‌ನ ಪ್ಲಗ್ ಕೀಳಿ. ಕೇಬಲ್ ಶಾರ್ಟ್ ಆದರೆ ಆಗ ನಿಜವಾಗಿಯೂ ಬಾಕ್ಸ್ ಡಬ್ಬಾ ಆಗುತ್ತದೆ.

ದೊಡ್ಡಛತ್ರಿ:
ಒಪ್ಪಿದೆ, ಈ ಎಚ್-ವಿ ವಿಷಯ, ಅದೇ ಪೋಲರೈಸೇಶನ್, ನನಗೆ ಹೊಳೆಯಲಿಲ್ಲ. ಮಲ್ಟಿಮೀಟರ್ ಇದ್ದರೆ ಮೇಲಿನ ತುದಿ ಬಿಚ್ಚಿ 18 ಇದೆಯಾ ಅಳೆಯಬಹುದಲ್ಲ?

ತಾರಸಿವಾಸಿ:
ಅಲ್ಲೇ ಎಲ್ಲರೂ ಮೋಸಹೋಗುವುದು. ಬಿಚ್ಚಿ ಅಳೆದರೆ ಕೆಟ್ಟ ಜಾಯಿಂಟ್ ಇದ್ದರೂ 18 ತೋರಿಸುತ್ತದೆ. ಎಲ್‌ಎನ್‌ಬಿ ಕರೆಂಟ್ ಎಳೆಯುವಾಗ ಮಾತ್ರ ವೋಲ್ಟೇಜ್ ಇಳಿಯುವುದು. ನಾನೇ ಒಮ್ಮೆ ಮೀಟರ್ ನಂಬಿ ಒಳ್ಳೆಯ ಎಲ್‌ಎನ್‌ಬಿ ಬಿಸಾಡಿದ್ದೇನೆ. ಅದಕ್ಕಿಂತ ಬಾಕ್ಸ್ ಮತ್ತು ಸಣ್ಣ ಟಿವಿಯನ್ನು ತಾರಸಿಗೆ ಒಯ್ದು, ಎರಡು ಮೀಟರ್ ಹೊಸ ಕೇಬಲ್‌ನಲ್ಲಿ ನೇರ ಎಲ್‌ಎನ್‌ಬಿಗೆ ಕೊಟ್ಟು ನೋಡುವುದು ಒಳ್ಳೆಯದು. ಎಚ್ ಬಂದರೆ ತಪ್ಪು ಕೇಬಲ್‌ನದ್ದು. ಬರದಿದ್ದರೆ ಎಲ್‌ಎನ್‌ಬಿ ಅಥವಾ ಬಾಕ್ಸ್.

ಲೆಕ್ಕದಪುಸ್ತಕ:
ಎರಡನೇ ಚಾನೆಲ್ ಬಗ್ಗೆ ನಾನು ಹೇಳುತ್ತೇನೆ. ಎಚ್‌ಡಿ ಬಾಕ್ಸ್ ಬಂದ ತಕ್ಷಣ ಚಾನೆಲ್‌ಗಳು ತಾವೇ ಎಚ್‌ಡಿ ಆಗುವುದಿಲ್ಲ. ಟ್ರಾಯ್ (ದೂರಸಂಪರ್ಕ, ಪ್ರಸಾರದ ನಿಯಂತ್ರಣ ಸಂಸ್ಥೆ) ನಿಯಮದಲ್ಲಿ ಎಸ್‌ಡಿ ಒಂದು ಚಾನೆಲ್, ಎಚ್‌ಡಿ ಬೇರೆಯೇ ಚಾನೆಲ್. ದರವೂ ಬೇರೆ. 2019ರ ಫೆಬ್ರುವರಿಯಿಂದ ನಮಗೆ ಬೇಕಾದ ಚಾನೆಲ್ ಬಿಡಿಬಿಡಿಯಾಗಿ ಆರಿಸುವ ಹಕ್ಕು ಬಂತು. ಹಳೆಯ ಪ್ಯಾಕ್ ಹಾಗೇ ಮುಂದುವರಿದಿದ್ದರೆ ಅದರಲ್ಲಿ ಎಸ್‌ಡಿ ಮಾತ್ರ ಇರುತ್ತದೆ. ಕೆಲವು ಪ್ಯಾಕ್‌ಗಳಲ್ಲಿ ಒಂದು ಕಂಪನಿಯ ಎಚ್‌ಡಿ ಇರುತ್ತದೆ, ಇನ್ನೊಂದರದ್ದು ಎಸ್‌ಡಿಯೇ.

ಆ್ಯಪ್ ತೆಗೆದು ಎಚ್‌ಡಿ ಸೇರಿಸಿ. ಮರೆಯದೆ ಅದರ ಎಸ್‌ಡಿಯನ್ನು ತೆಗೆದುಹಾಕಿ. ಎರಡಕ್ಕೂ ದುಡ್ಡು ಕೊಡುವವರನ್ನು ಎಷ್ಟು ಜನರನ್ನು ನೋಡಿದ್ದೇನೆ! ಪ್ಯಾಕ್ ಒಳಗಿರುವ ಎಸ್‌ಡಿಯನ್ನು ಮಾತ್ರ ಒಂದೊಂದಾಗಿ ತೆಗೆಯಲು ಬರುವುದಿಲ್ಲ, ಪ್ಯಾಕನ್ನೇ ಬದಲಾಯಿಸಬೇಕು.

ನೆಟ್‌ವರ್ಕ್ ಶುಲ್ಕದ (ಚಾನೆಲ್ ದರ ಬಿಟ್ಟು ಡಿಟಿಎಚ್ ಕಂಪನಿ ತೆಗೆದುಕೊಳ್ಳುವ ತಿಂಗಳ ಶುಲ್ಕ) ಲೆಕ್ಕದಲ್ಲಿ ಒಂದು ಎಚ್‌ಡಿಯನ್ನು ಎರಡು ಎಸ್‌ಡಿ ಅಂತ ಎಣಿಸುವ ಪದ್ಧತಿ ಬಂದದ್ದೂ ಆಗಲೇ. ಮೊದಲು 100 ಚಾನೆಲ್‌ಗೆ ತೆರಿಗೆ ಬಿಟ್ಟು 130 ರೂಪಾಯಿ ಮಿತಿ ಇತ್ತು. 2020ರಲ್ಲಿ ಅದೇ 130ಕ್ಕೆ 200 ಚಾನೆಲ್ ಆಯಿತು. 2024ರ ಜುಲೈನಲ್ಲಿ ಟ್ರಾಯ್ ಆ ಮಿತಿಯನ್ನೇ ತೆಗೆದುಹಾಕಿತು. ಹಾಗಾಗಿ ನೆಂಟರ ಬಿಲ್ ನೋಡಿ ನಿಮ್ಮ ಬಿಲ್ ಹೋಲಿಸಬೇಡಿ.

ಪುಟ್ಟಿಅಮ್ಮ:
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮದು ಡಿಡಿ ಫ್ರೀ ಡಿಶ್. ಅದರಲ್ಲಿ ಕಲರ್ಸ್ ಕನ್ನಡ, ಜೀ ಕನ್ನಡ ಇವುಗಳ ಎಚ್‌ಡಿ ಸಿಗುತ್ತಾ? ಅಂಗಡಿಯವರು ಎಂಪೆಗ್-4 ಬಾಕ್ಸ್ ತಗೊಂಡರೆ ಎಲ್ಲ ಬರುತ್ತದೆ ಅನ್ನುತ್ತಾರೆ.

ತಾರಸಿವಾಸಿ:
ಇಲ್ಲಮ್ಮ, ಅವು ದುಡ್ಡು ಕೊಟ್ಟು ನೋಡುವ ಚಾನೆಲ್. ಎಂಪೆಗ್-4 ಅಂದರೆ ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ವಿಧಾನ. ಆ ಬಾಕ್ಸ್ ತಂದರೆ ಫ್ರೀ ಡಿಶ್‌ನಲ್ಲಿ ಎಂಪೆಗ್-4ನಲ್ಲಿ ಬರುವ ಉಚಿತ ಚಾನೆಲ್‌ಗಳು ಹೆಚ್ಚಿಗೆ ಸಿಗುತ್ತವೆ, ಹಳೆಯ ಎಂಪೆಗ್-2 ಬಾಕ್ಸ್ ಅವನ್ನು ತೋರಿಸುವುದಿಲ್ಲ. ಅಷ್ಟೇ ಲಾಭ.

ಗುಬ್ಬಿಗೂಡು:
ನನ್ನದೂ ಒಂದು ಪ್ರಶ್ನೆ. ಮುಂದಿನ ತಿಂಗಳು ಪುಣೆಗೆ ಹೋಗುತ್ತಿದ್ದೇವೆ. ಡಿಶ್ ಜೊತೆಗೆ ಒಯ್ದರೆ ಕನ್ನಡ ಎಚ್‌ಡಿ ಬರುತ್ತದಾ? ಅಮೆರಿಕದಲ್ಲಿರುವ ಅಕ್ಕ ಹೇಳುತ್ತಾಳೆ, ಅಲ್ಲಿ ಊರು ಬದಲಾದರೆ ಲೋಕಲ್ ಚಾನೆಲ್ ಹೋಗುತ್ತದಂತೆ.

ತಾರಸಿವಾಸಿ:
ಅಕ್ಕ ಹೇಳಿದ್ದು ಅಲ್ಲಿನ ಮಟ್ಟಿಗೆ ನಿಜ. ಅಲ್ಲಿ ಪ್ರತಿ ನಗರಕ್ಕೂ ಅದರದೇ ಸ್ಟೇಷನ್‌ಗಳು. ಅವನ್ನು ಉಪಗ್ರಹದ ಸ್ಪಾಟ್ ಬೀಮ್‌ನಲ್ಲಿ ಆ ಸುತ್ತಮುತ್ತಲಿಗೆ ಮಾತ್ರ ಬಿಡುತ್ತಾರೆ. 1999ರಲ್ಲಿ ಕಾನೂನು ಬರುವವರೆಗೆ ಡಿಶ್‌ನಲ್ಲಿ ಊರಿನ ಚಾನೆಲ್ ಕೊಡುವುದೇ ದೊಡ್ಡ ತಕರಾರಾಗಿತ್ತು. ಅದೇ ಫ್ರೀಕ್ವೆನ್ಸಿಯನ್ನು ಬೇರೆ ಊರಿನ ಬೀಮ್‌ನಲ್ಲಿ ಬೇರೆ ಚಾನೆಲ್‌ಗೆ ಬಳಸುವುದರಿಂದ ಜಾಗವೂ ಉಳಿಯುತ್ತದೆ.

ನಮ್ಮಲ್ಲಿ ಹಾಗಲ್ಲ. ಡಿಟಿಎಚ್ ಬೀಮ್ ಇಡೀ ದೇಶಕ್ಕೆ ಬೀಳುತ್ತದೆ. ಪುಣೆಯಲ್ಲೂ ಕನ್ನಡ ಬರುತ್ತದೆ. ಡಿಶ್‌ನ ದಿಕ್ಕು, ಓರೆ ಮಾತ್ರ ಹೊಸದಾಗಿ ಕೂರಿಸಬೇಕು. ಇದಕ್ಕೊಂದು ನಷ್ಟವೂ ಇದೆ. ಒಂದು ಎಚ್‌ಡಿ ಹಲವು ಎಸ್‌ಡಿಯ ಜಾಗ ತಿನ್ನುತ್ತದೆ, ಇಡೀ ದೇಶದ ಭಾಷೆಗಳಿಗೆ ಜಾಗ ಅಷ್ಟೇ. ಅದಕ್ಕೇ ಎಲ್ಲ ಕಂಪನಿಯೂ ಎಲ್ಲ ಭಾಷೆಯ ಎಚ್‌ಡಿ ಕೊಡುವುದಿಲ್ಲ. ಹೊಸ ಕನೆಕ್ಷನ್ ತೆಗೆದುಕೊಳ್ಳುವವರು ಚಾನೆಲ್ ಪಟ್ಟಿಯಲ್ಲಿ ಕನ್ನಡ ಎಚ್‌ಡಿಗಳನ್ನು ಒಂದೊಂದಾಗಿ ನೋಡಿಯೇ ದುಡ್ಡು ಕೊಡಿ.

ರಿಮೋಟ್‌ರಾಯ:
ಸಿಕ್ಕಿತು! ಇವತ್ತು ಬೆಳಿಗ್ಗೆ ತಾರಸಿ ಹತ್ತಿದೆ. ನೀರಿನ ಟ್ಯಾಂಕ್ ಹಿಂದೆ ಕೇಬಲ್‌ಗೆ ಒಂದು ಜಾಯಿಂಟ್ ಇತ್ತು. ಕನೆಕ್ಟರ್ ಕೂಡ ಅಲ್ಲ, ತಂತಿಗೆ ತಂತಿ ತಿರುಚಿ ಕಪ್ಪು ಟೇಪ್ ಸುತ್ತಿದ್ದರು. ಟೇಪ್ ಬಿಚ್ಚಿದರೆ ಒಳಗೆ ನೀರು, ತಾಮ್ರ ಪೂರ್ತಿ ಹಸಿರು. ವರ್ಷಗಳ ಹಿಂದೆ ಬಣ್ಣ ಹೊಡೆಸುವಾಗ ಕೇಬಲ್ ತುಂಡಾಗಿತ್ತು, ಈಗ ನೆನಪಾಯಿತು.

ಟಿವಿ ಮೇಲೆ ಒಯ್ಯುವ ಕಷ್ಟ ಬೇಡ ಅಂತ ಪೂರ್ತಿ ಹೊಸ ಆರ್‌ಜಿ-6 ಕೇಬಲ್ ಎಳೆದೆವು, ನಡುವೆ ಜಾಯಿಂಟ್ ಇಲ್ಲದೆ. ಎರಡು ತುದಿಗೂ ಹೊಸ ಎಫ್ ಕನೆಕ್ಟರ್. ಈಗ ಎಚ್ ಚಾನೆಲ್‌ನ ಕ್ವಾಲಿಟಿ 78. ಬಾಕ್ಸ್ ಬದಲಾಯಿಸಿ ಅಂತ ಜಗಳಕ್ಕೆ ಹೋಗದೆ ಇದ್ದದ್ದೇ ಒಳ್ಳೆಯದಾಯಿತು.

ಇನ್ನೊಂದು ಚಾನೆಲ್ ಪ್ಯಾಕ್‌ನಲ್ಲೇ ಇರಲಿಲ್ಲ. ಸೇರಿಸಿದೆ, ಹತ್ತು ನಿಮಿಷದಲ್ಲಿ ಬಂತು. ಆದರೆ ಒಂದು ಅನುಮಾನ. ಹೊಸ ಸೀರಿಯಲ್‌ಗಳು ಫಳಫಳ ಕಾಣುತ್ತವೆ, ಹಳೆಯ ಸಿನಿಮಾ ಮಾತ್ರ ಎಚ್‌ಡಿಯಲ್ಲೂ ಮಂಜು ಮಂಜು. ಇದೂ ಕೇಬಲ್ಲಾ?

ತಾರಸಿವಾಸಿ:
ಅಲ್ಲ. ಡಿಜಿಟಲ್‌ನಲ್ಲಿ ಸಿಗ್ನಲ್ ಕೆಟ್ಟರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ಇಲ್ಲವೇ ನಿಂತುಹೋಗುತ್ತದೆ. ಮಂಜಾಗುವುದಿಲ್ಲ. ಚಾನೆಲ್‌ನವರ ಹತ್ತಿರ ಇರುವ ಪ್ರಿಂಟೇ ಹಳೆಯ ಎಸ್‌ಡಿ, ಅದನ್ನೇ 1080 ಸಾಲಿಗೆ ಹಿಗ್ಗಿಸಿ ಬಿಡುತ್ತಾರೆ. ಅದಕ್ಕೆ ಔಷಧಿಯಿಲ್ಲ. ಹೊಸ ಸೀರಿಯಲ್ ಕೂಡ ಮಂಜಾಗಿದ್ದರೆ ಮಾತ್ರ ಎಚ್‌ಡಿಎಂಐ ಬದಲು ಕೆಂಪು-ಬಿಳಿ-ಹಳದಿ ಕೇಬಲ್ ಹಾಕಿದ್ದೀರಾ ಅಂತ ಕೇಳುತ್ತಿದ್ದೆ.

ಅಂದಹಾಗೆ, ಎಲ್‌ಎನ್‌ಬಿ ಹತ್ತಿರ ಕೇಬಲ್ ನೇರ ಕೆಳಗೆ ಬಿಡಬೇಡಿ. ಒಂದು ಸುತ್ತು ಜೋತುಬಿಡಿ. ಮಳೆನೀರು ಕನೆಕ್ಟರ್ ಒಳಗೆ ಹೋಗದೆ ಆ ಸುತ್ತಿನಿಂದಲೇ ತೊಟ್ಟಿಕ್ಕುತ್ತದೆ.

ರಿಮೋಟ್‌ರಾಯ:
ಎಚ್‌ಡಿಎಂಐ ಇದೆ. ಸುತ್ತು ಬಿಟ್ಟಿಲ್ಲ, ನಾಳೆ ಬೆಳಿಗ್ಗೆ ಮತ್ತೆ ತಾರಸಿಗೆ.