‘ನಿಯಂತ್ರಿತ ಸ್ರವಿಕೆ’ ಎಂದರೆ ಅರ್ಥ ತಪ್ಪುವುದಿಲ್ಲವೇ?

ಎಲ್ಲರಿಗೂ ನಮಸ್ಕಾರ. ಜೀವಕೋಶಗಳು ಪ್ರೋಟೀನನ್ನು ಹೊರಗೆ ಬಿಡುವ, ಅಂದರೆ ಸ್ರವಿಸುವ, ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಒಂದು ಪದದ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು.

ಇಂಗ್ಲಿಷಿನಲ್ಲಿ ಇದರಲ್ಲಿ ಎರಡು ಬಗೆ ಹೇಳುತ್ತಾರೆ, ಕಾನ್‌ಸ್ಟಿಟ್ಯೂಟಿವ್ ಮತ್ತು ರೆಗ್ಯುಲೇಟೆಡ್. ಮೊದಲನೆಯದರಲ್ಲಿ ಪ್ರೋಟೀನ್ ತಯಾರಾದ ಹಾಗೆಲ್ಲ ಹೊರಗೆ ಹೋಗುತ್ತಿರುತ್ತದೆ. ಎರಡನೆಯದರಲ್ಲಿ ಕೋಶ ಅದನ್ನು ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿಟ್ಟುಕೊಂಡು, ಸೂಚನೆ ಬಂದಾಗ ಬಿಡುತ್ತದೆ. ಮೇದೋಜೀರಕ ಗ್ರಂಥಿಯ ಬೀಟಾ ಕೋಶ ಇನ್ಸುಲಿನ್ ಬಿಡುವುದು ಹೀಗೇ. ರಕ್ತದಲ್ಲಿ ಗ್ಲೂಕೋಸ್ ಏರಿದಾಗ ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ, ಆಗ ಚೀಲಗಳು ಪೊರೆಗೆ ಬೆಸೆದುಕೊಂಡು ಬಾಯಿ ಬಿಡುತ್ತವೆ.

ಈ ಎರಡನೆಯದಕ್ಕೆ ‘ನಿಯಂತ್ರಿತ ಸ್ರವಿಕೆ’ ಎಂದು ಬರೆದರೆ, ಮೊದಲನೆಯದಕ್ಕೆ ಹಿಡಿತವೇ ಇಲ್ಲ ಅನ್ನಿಸುತ್ತದೆ ಅಲ್ವಾ? ರೋಗಾಣುಗಳಿಗೆ ಅಂಟಿಕೊಳ್ಳುವ ಪ್ರೋಟೀನುಗಳಾದ ಪ್ರತಿಕಾಯಗಳನ್ನೇ (ಆ್ಯಂಟಿಬಾಡಿ) ನೋಡಿ. ಅವನ್ನು ಬಿಡುವ ಪ್ಲಾಸ್ಮಾ ಕೋಶ ಮೊದಲ ಬಗೆಯದು, ಒಂದೊಂದು ಕೋಶವೂ ಸೆಕೆಂಡಿಗೆ ಸಾವಿರಾರು ಪ್ರತಿಕಾಯ ಹೊರಹಾಕುತ್ತದೆ. ಆದರೆ ಹಿಡಿತ ಇಲ್ಲ ಅಂತಲ್ಲ, ಅದು ಬಾಗಿಲಿಗಿಂತ ತುಂಬಾ ಮೊದಲೇ ಇದೆ. ಪ್ಲಾಸ್ಮಾ ಕೋಶ ಹುಟ್ಟುವುದು ಬಿ ಕೋಶ ಎಂಬ ಬಿಳಿ ರಕ್ತಕಣದಿಂದ. ಬಿ ಕೋಶವಾಗಿದ್ದಾಗ ಪ್ರತಿಕಾಯಕ್ಕೆ ಪೊರೆಯಲ್ಲಿ ನಾಟಿಕೊಳ್ಳುವ ಬಾಲ ಇರುತ್ತದೆ. ಪ್ಲಾಸ್ಮಾ ಕೋಶವಾಗುವಾಗ ಅದೇ ಜೀನಿನ ಆರ್‌ಎನ್‌ಎಯ ತುದಿಯನ್ನು ಬೇರೆ ಥರ ಕತ್ತರಿಸಿ ಜೋಡಿಸುವುದರಿಂದ ಆ ಬಾಲ ಹೋಗಿ, ಹೊರಗೆ ಹೋಗಬಲ್ಲ ಪ್ರತಿಕಾಯ ತಯಾರಾಗುತ್ತದೆ. ಮುಂದಿನ ತಪಾಸಣೆ ನಡೆಯುವುದು ಎಂಡೋಪ್ಲಾಸ್ಮಿಕ್ ಜಾಲದಲ್ಲಿ, ಅಂದರೆ ಹೊರಗೆ ಹೋಗುವ ಪ್ರೋಟೀನುಗಳು ಕೋಶದೊಳಗೆ ತಯಾರಾಗುವ ಜಾಗದಲ್ಲಿ. ಪ್ರತಿಕಾಯದಲ್ಲಿ ಭಾರದ್ದು, ಹಗುರದ್ದು ಎಂದು ಎರಡು ಬಗೆಯ ಪ್ರೋಟೀನ್ ಸರಪಳಿಗಳಿರುತ್ತವೆ. ಪ್ರತಿಕಾಯದ ಭಾರದ ಸರಪಳಿಗೆ ಹಗುರ ಸರಪಳಿ ಜೊತೆಯಾಗುವವರೆಗೂ ಬಿಪ್ ಎಂಬ ಪ್ರೋಟೀನ್ ಅದನ್ನು ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಜೊತೆ ಸಿಗದಿದ್ದರೆ ಅದನ್ನು ಕೋಶವೇ ಒಡೆದುಹಾಕುತ್ತದೆ. ಇಷ್ಟು ಬಿಗಿಯಾದ ವ್ಯವಸ್ಥೆಯನ್ನು ಓದುಗರು ‘ಅನಿಯಂತ್ರಿತ’ ಅಂದುಕೊಳ್ಳಬಾರದು ಎನ್ನುವುದೇ ನನ್ನ ಕಾಳಜಿ.

ಸದ್ಯಕ್ಕೆ ‘ಸತತ ಸ್ರವಿಕೆ’, ‘ಕೂಡಿಟ್ಟು ಬಿಡುವ ಸ್ರವಿಕೆ’ ಎಂದು ಇಟ್ಟುಕೊಂಡಿದ್ದೇನೆ. ಎರಡನೆಯದು ಉದ್ದವಾಯಿತು, ಆದರೆ ಓದಿದ ಕೂಡಲೇ ವಿಷಯ ತಿಳಿಯುತ್ತದೆ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆಯುತ್ತದೆಯೇ?

ಇನ್ನೊಂದು, ಕ್ರಿಯಾಪದದ್ದು. ‘ಗ್ರಂಥಿ ಹಾರ್ಮೋನನ್ನು ಸ್ರವಿಸುತ್ತದೆ’, ‘ಗ್ರಂಥಿಯಿಂದ ಹಾರ್ಮೋನ್ ಸ್ರವಿಸುತ್ತದೆ’ ಎರಡೂ ಬಳಕೆಯಲ್ಲಿವೆ. ನನಗೆ ಕೆಲಸ ಮಾಡುವುದು ಕೋಶ ಎಂದು ಸ್ಪಷ್ಟವಾಗಬೇಕು, ಹಾಗಾಗಿ ಮೊದಲ ರೂಪ ಇಷ್ಟ. ‘ಒಸರು’, ‘ಜಿನುಗು’ ಒಳ್ಳೆಯ ಪದಗಳೇ, ಆದರೆ ಸುಮ್ನೆ ತಾನಾಗಿ ಸೋರಿದ ಹಾಗೆ ಕೇಳಿಸುತ್ತವೆ. ‘ಸ್ರಾವ’ ಅಂದರೆ ರಕ್ತಸ್ರಾವ ನೆನಪಾಗುತ್ತದೆ. ‘ವಿಸರ್ಜನೆ’ ಬೇಡವೇ ಬೇಡ, ಅದು ಬೇಡದ ವಸ್ತುವನ್ನು ಹೊರಹಾಕುವುದಕ್ಕೆ ಆಗಲೇ ನಿಂತುಬಿಟ್ಟಿದೆ. ‘ಒಸರಿಸು’ ಎಂದು ಮಾಡಿಕೊಂಡರೆ ಹೇಗೆ? ನಿಮ್ಮ ಕಡೆ ಯಾರಾದರೂ ಹಾಗೆ ಆಡುವುದನ್ನು ಕೇಳಿದ್ದರೆ ದಯವಿಟ್ಟು ಒಂದು ವಾಕ್ಯದ ಸಮೇತ ತಿಳಿಸಿ.