ವಿನ್ಯಾಸದ ಕೆಲಸಕ್ಕೆ ಯಾವ ಲ್ಯಾಪ್‌ಟಾಪ್?

ತೀರ್ಥಹಳ್ಳಿಯಿಂದ ಪ್ರಶ್ನೆ:
ನನ್ನ ತಂಗಿ ಗ್ರಾಫಿಕ್ ಡಿಸೈನ್ ಕಲಿತು, ಶಿವಮೊಗ್ಗದ ಮುದ್ರಣಾಲಯಗಳಿಗೆ ಲಗ್ನಪತ್ರಿಕೆ, ಫ್ಲೆಕ್ಸ್‌ಗಳನ್ನು ಮನೆಯಿಂದಲೇ ವಿನ್ಯಾಸ ಮಾಡಿಕೊಡಲು ಆರಂಭಿಸಿದ್ದಾಳೆ. 70,000 ರೂಪಾಯಿಯೊಳಗೆ ಲ್ಯಾಪ್‌ಟಾಪ್ ಕೊಳ್ಳಬೇಕಿದೆ. ಅಂಗಡಿಯವರು ಗೇಮಿಂಗ್ ಲ್ಯಾಪ್‌ಟಾಪನ್ನೇ ತೋರಿಸುತ್ತಿದ್ದಾರೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಶಿವಮೊಗ್ಗದಿಂದ:
ನಾನು ದುರ್ಗಿಗುಡಿಯ ಮುದ್ರಣಾಲಯವೊಂದರಲ್ಲಿ 11 ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ಎಲ್ಲಕ್ಕಿಂತ ಮೊದಲು ಪರದೆಯನ್ನು ನೋಡಿ. ನನ್ನ ಮೊದಲ ಲ್ಯಾಪ್‌ಟಾಪಿನ ಪರದೆ 45 ಶೇಕಡ ಎನ್‌ಟಿಎಸ್‌ಸಿಯದು, ಅಂದರೆ ಅದು ತೋರಿಸಬಲ್ಲ ಬಣ್ಣಗಳ ವ್ಯಾಪ್ತಿ ಕಡಿಮೆ. ಅಂಥ ಪರದೆಯಲ್ಲಿ ಗಾಢ ಬಣ್ಣಗಳು ಪೇಲವವಾಗಿ ಕಾಣುತ್ತವೆಂಬುದು ಆಗ ತಿಳಿದಿರಲಿಲ್ಲ. ಒಂದು ಲಗ್ನಪತ್ರಿಕೆಯ ಅರಿಶಿನ ಬಣ್ಣದ ಹಿನ್ನೆಲೆ ಕಳೆಗುಂದಿದಂತೆ ಕಂಡಿತೆಂದು ಮೆಜೆಂಟಾವನ್ನು (ಅಚ್ಚಿನ ನಾಲ್ಕು ಶಾಯಿಗಳಲ್ಲಿ ಕೆಂಪು-ನೇರಳೆ ಛಾಯೆಯದನ್ನು) 15ರಿಂದ 35 ಶೇಕಡಕ್ಕೆ ಏರಿಸಿದೆ. ಅಚ್ಚಾಗಿ ಬಂದ 500 ಪತ್ರಿಕೆಗಳೂ ಕಿತ್ತಳೆ ಬಣ್ಣದಲ್ಲಿದ್ದವು. ಮರುಮುದ್ರಣದ ಖರ್ಚನ್ನು ನಾನೇ ಭರಿಸಿದೆ. ಆದ್ದರಿಂದ ವಿವರಪಟ್ಟಿಯಲ್ಲಿ 100 ಶೇಕಡ ಎಸ್‌ಆರ್‌ಜಿಬಿ (ಪರದೆಯ ಬಣ್ಣಗಳಿಗೆ ಸಾಮಾನ್ಯವಾಗಿ ಬಳಸುವ ಮಾನದಂಡ) ಎಂದು ಸ್ಪಷ್ಟವಾಗಿ ನಮೂದಾಗಿರುವುದನ್ನೇ ಆರಿಸಿ. ಒಂದೇ ಹೆಸರಿನ ಮಾದರಿಯಲ್ಲಿ ಎರಡು ಮೂರು ಬಗೆಯ ಪರದೆಗಳು ಬರುವುದರಿಂದ ಪೂರ್ತಿ ಮಾದರಿ ಸಂಖ್ಯೆಯನ್ನು ತಾಳೆ ನೋಡಬೇಕು. ಚೆನ್ನಾಗಿ ಅಚ್ಚಾದ ಒಂದು ಪತ್ರಿಕೆಯನ್ನೂ ಅದರ ಫೈಲನ್ನೂ ಅಂಗಡಿಗೆ ಒಯ್ದು, ಪತ್ರಿಕೆಯನ್ನು ಪರದೆಯ ಪಕ್ಕಕ್ಕೆ ಹಿಡಿದು ನೋಡಿದರೆ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ.

ನಂತರದ್ದು ರ‍್ಯಾಮ್. 10 ಅಡಿಗೆ 20 ಅಡಿಯ ಫ್ಲೆಕ್ಸನ್ನು 100 ಡಿಪಿಐನಲ್ಲಿ (ಇಂಚಿಗೆ 100 ಚುಕ್ಕೆಗಳಂತೆ) ಫೋಟೋಶಾಪಿನಲ್ಲಿ ತೆರೆದರೆ 28.8 ಕೋಟಿ ಪಿಕ್ಸೆಲ್‌ಗಳಾಗುತ್ತವೆ. ಅಚ್ಚಿಗೆ ಬಳಸುವ ನಾಲ್ಕು ಬಣ್ಣಗಳ ಸಿಎಂವೈಕೆಯಲ್ಲಿ ಪಿಕ್ಸೆಲ್ಲಿಗೆ 4 ಬೈಟ್‌ಗಳಂತೆ ಒಂದು ತುಂಬಿದ ಪದರಕ್ಕೇ 1 ಜಿಬಿ ದಾಟುತ್ತದೆ. 8 ಜಿಬಿ ಇದಕ್ಕೆ ಸಾಲದು. 16 ಜಿಬಿ ಇರಲಿ, ಮುಂದೆ ಹೆಚ್ಚಿಸಲು ಖಾಲಿ ಸ್ಲಾಟ್ ಇದ್ದರೆ ಇನ್ನೂ ಒಳ್ಳೆಯದು. ಕೋರೆಲ್ ಡ್ರಾ, ಫೋಟೋಶಾಪ್‌ನಂಥ ವಿನ್ಯಾಸ ತಂತ್ರಾಂಶಗಳಷ್ಟೇ ಆದರೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಅನಿವಾರ್ಯವಲ್ಲ. ವೀಡಿಯೊ ಅಥವಾ ತ್ರಿ-ಡಿ ಕೆಲಸವಿದ್ದರೆ ಮಾತು ಬೇರೆ.

ಭದ್ರಾವತಿಯಿಂದ:
ಆಪಲ್ ಕಂಪನಿಯ ಮ್ಯಾಕ್ ಕೊಳ್ಳುವ ಯೋಚನೆಯಿದ್ದರೆ ಒಂದು ವಿಷಯ ಗಮನಿಸಿ. ಕೋರೆಲ್ ಡ್ರಾ 2019ರಲ್ಲಿ ಮ್ಯಾಕ್‌ಗೆ ಮರಳಿದೆಯಾದರೂ, ನಮ್ಮ ಕಡೆ ಗಿರಾಕಿಗಳು ತರುವ ಕನ್ನಡ ಪಠ್ಯ ಈಗಲೂ ಹೆಚ್ಚಾಗಿ ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದಲ್ಲಿರುತ್ತದೆ; ಆ ತಂತ್ರಾಂಶ ವಿಂಡೋಸ್‌ಗೆಂದೇ ಮಾಡಿದ್ದು. ನಾನು ವಿಂಡೋಸನ್ನೇ ಉಳಿಸಿಕೊಂಡೆ.

ಹೊಸನಗರ ತಾಲ್ಲೂಕಿನಿಂದ:
ಮೇಲಿನವರು ಪರದೆಯ ಬಗ್ಗೆ ಹೇಳಿದ್ದು ಸರಿಯಾಗಿದೆ. ಮಲೆನಾಡಿನ ಮನೆಯಲ್ಲಿ ಕುಳಿತು ದುಡಿಯುವವರಿಗೆ ಕರೆಂಟಿನ ಚಿಂತೆಯೂ ಉಂಟು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಇಡೀ ದಿನ ಕರೆಂಟ್ ಇರುವುದಿಲ್ಲ. ಗೇಮಿಂಗ್ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ, ಅದರ ವೇಗವೂ ಇಳಿಯುತ್ತದೆ. ಮನೆಗೇ ಬಂದು ದುರಸ್ತಿ ಮಾಡುವ ವಾರಂಟಿ ಎಂದು ಹೇಳಿದರೆ, ನಿಮ್ಮ ಊರಿನ ಪಿನ್‌ಕೋಡ್‌ಗೆ ಆ ಸೌಲಭ್ಯವಿದೆಯೇ ಎಂದು ಹಣ ಕೊಡುವ ಮೊದಲೇ ವಿಚಾರಿಸಿ.

ಇನ್ನೊಂದು ಮಾತು. ಒಂದು ಏಪ್ರಿಲ್ ಸಂಜೆ ಗುಡುಗು ಶುರುವಾದಾಗ ನಾನು ಚಾರ್ಜರ್ ಕಿತ್ತಿಟ್ಟೆ, ಆದರೆ ರೂಟರಿನಿಂದ ಬಂದ ಲ್ಯಾನ್ ಕೇಬಲನ್ನು ಹಾಗೆಯೇ ಬಿಟ್ಟಿದ್ದೆ. ಸಿಡಿಲು ಆ ದಾರಿಯಲ್ಲೇ ಬಂದು ಮದರ್‌ಬೋರ್ಡ್ ಸುಟ್ಟುಹೋಯಿತು. ತಂಗಿಗೆ ಎರಡನ್ನೂ ಕೀಳಲು ಹೇಳಿ.