ಡೇಟ್ ದಾಟಿದೆ, ಸೋಮವಾರ ನೋವು ಬರಿಸುತ್ತಾರಂತೆ. ಹೀಗೆ ಚೆನ್ನಾಗಿ ಹೆರಿಗೆ ಆದವರು ಇದ್ದೀರಾ?

ಶಿರಸಿ ತವರು

ಎಲ್ಲರಿಗೂ ನಮಸ್ಕಾರ. ನನಗಿದು ಚೊಚ್ಚಲು. ಇವತ್ತು ಶುಕ್ರವಾರಕ್ಕೆ 40 ವಾರ 4 ದಿನ. ಬಾಣಂತನಕ್ಕೆ ಅಂತ ಶಿರಸಿ ಹತ್ತಿರದ ತವರಿಗೆ ಬಂದು ಎರಡು ತಿಂಗಳಾಯಿತು. ನೋವಿನ ಸುಳಿವೇ ಇಲ್ಲ. ಮೊನ್ನೆ ರಾತ್ರಿ ಸೊಂಟ ಹಿಡಿದ ಹಾಗಾಯಿತು. ನಿಜವಾದ ನೋವಾದರೆ ಜಾಸ್ತಿ ಆಗುತ್ತದೆ, ಸುಳ್ಳು ನೋವಾದರೆ ಇಳಿಯುತ್ತದೆ ಅಂತ ಆಯಿ ಜೀರಿಗೆ ಕಷಾಯ ಮಾಡಿಕೊಟ್ಟಳು. ಬೆಳಗ್ಗೆ ಏಳುವಷ್ಟರಲ್ಲಿ ಏನೂ ಇಲ್ಲ.

ಇವತ್ತು ಚೆಕಪ್‌ಗೆ ಹೋದಾಗ ಡಾಕ್ಟರ್ ಹೇಳಿದರು, ಮಗು ಚೆನ್ನಾಗಿದೆ, ನೀರೂ ಸರಿ ಇದೆ, ಆದರೆ 41 ವಾರ ದಾಟಿಸುವುದು ಬೇಡ, ಸೋಮವಾರ ಬೆಳಗ್ಗೆ ಅಡ್ಮಿಟ್ ಆಗಿ, ಜೆಲ್ ಇಟ್ಟು ನೋವು ಬರಿಸೋಣ ಅಂತ. ನಾನು ಹೂಂ ಅಂದು ಬಂದೆ. ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ. ಪಕ್ಕದ ಮನೆಯವರು ಬಂದು ಡ್ರಿಪ್ ಹಾಕಿದರೆ ನೋವು ಡಬಲ್ ಅಂದರು. ಚಿಕ್ಕಮ್ಮ ಫೋನ್ ಮಾಡಿ, ಕೊನೆಗೆ ಹೊಟ್ಟೆ ಕೊಯ್ಯುವುದೇ ಸೈ, ಸುಮ್ನೆ ಎರಡು ದಿನ ಕಾಯಿಸುತ್ತಾರೆ ಅಂದರು. ಇನ್ನೊಬ್ಬರು ಹರಳೆಣ್ಣೆ ಕುಡಿ ಅಂದರು. ರಾತ್ರಿ ನಿದ್ದೆ ಬರುತ್ತಿಲ್ಲ.

ಕೆಟ್ಟದಾಗಿದ್ದನ್ನು ಕೇಳಿ ಕೇಳಿ ಸಾಕಾಗಿದೆ. ಹೀಗೆ ನೋವು ಬರಿಸಿಕೊಂಡು ಒಳ್ಳೆಯದಾಗಿ ಆದವರು ಇದ್ದರೆ ದಯವಿಟ್ಟು ಬರೆಯಿರಿ. ಎಷ್ಟು ಹೊತ್ತು ಹಿಡಿಯಿತು? ಓಡಾಡಲು ಬಿಡುತ್ತಾರಾ? ಊಟ ಮಾಡಬಹುದಾ? ಆಯಿ ನನ್ನ ಜೊತೆ ಒಳಗೆ ಇರಬಹುದಾ?

ಕಡಲತಡಿ ಕಾರವಾರ

ತಂಗಿ, ಎರಡು ವರ್ಷದ ಹಿಂದೆ ನಾನು ಇದೇ ಜಾಗದಲ್ಲಿ ಕೂತಿದ್ದೆ. 41 ವಾರ 1 ದಿನ, ಆಷಾಢದ ಮಳೆ, ಏನೂ ನೋವಿಲ್ಲ. ನನಗೆ ಒಳ್ಳೆಯದೇ ಆಯಿತು. ಪೂರ್ತಿ ಹೇಳುತ್ತೇನೆ, ಉದ್ದ ಆಗುತ್ತದೆ.

ಸಂಜೆ 6ಕ್ಕೆ ಜೆಲ್ ಇಟ್ಟರು. ಸಿರಿಂಜ್ ತರಹದ್ದರಲ್ಲಿ ಒಳಗೆ ಹಾಕುತ್ತಾರೆ, ಪರೀಕ್ಷೆ ಮಾಡುವಾಗ ಆಗುವಷ್ಟೇ ಕಿರಿಕಿರಿ. ಅರ್ಧ ಗಂಟೆ ಮಲಗಿರಿ ಅಂದರು, ಆಮೇಲೆ ವಾರ್ಡಿನಲ್ಲೇ ಓಡಾಡಿದೆ. ಎಂಟು ಗಂಟೆಗೆ ಗಂಜಿ, ಉಪ್ಪಿನಕಾಯಿ ಊಟ ಮಾಡಿದೆ. ಮುಟ್ಟಿನ ನೋವಿನ ಹಾಗೆ ಸಣ್ಣಗೆ ಬರುತ್ತಿತ್ತು, ಹೋಗುತ್ತಿತ್ತು. ರಾತ್ರಿ 12ಕ್ಕೆ ನೋಡಿದರೆ ಗರ್ಭಕೋಶದ ಬಾಯಿ ಇನ್ನೂ ಅಷ್ಟು ಮೆತ್ತಗಾಗಿಲ್ಲ. ಎರಡನೇ ಸಲ ಜೆಲ್. ಆಗ ನನಗೆ ಅಳು ಬಂತು, ಸೋತೆ ಅನಿಸಿತು. ಡ್ಯೂಟಿಯಲ್ಲಿದ್ದ ಸಿಸ್ಟರ್ ಬಂದು, ಇದು ತಡ ಅಲ್ಲಮ್ಮ, ಎಲ್ಲರಿಗೂ ಇಷ್ಟು ಹೊತ್ತು ಬೇಕು, ಈಗ ನಿಮ್ಮ ಕೆಲಸ ನಿದ್ದೆ ಮಾಡುವುದು ಅಂದರು. ಆ ಒಂದು ಮಾತಿಗೆ ನಿಜವಾಗಿ ನಿದ್ದೆ ಬಂತು.

ಬೆಳಗ್ಗೆ 8ಕ್ಕೆ 3 ಸೆಂಟಿಮೀಟರ್ ತೆರೆದಿತ್ತು. ನೀರಿನ ಚೀಲ ಒಡೆದು ಡ್ರಿಪ್ ಹಾಕಿದರು. ನನಗೆ ತುಂಬ ನೆನಪಿರುವುದು ಆ ಸಿಸ್ಟರ್ ಕೈ. ಗಡಿಯಾರ ನೋಡುತ್ತಾ ಕೊಳವೆಯಲ್ಲಿ ಬೀಳುವ ಹನಿ ಎಣಿಸುತ್ತಿದ್ದರು, ಹೆಬ್ಬೆರಳಿನಲ್ಲಿ ಆ ಸಣ್ಣ ಚಕ್ರವನ್ನು ಒಂದು ಎಳೆಯಷ್ಟು ಜರುಗಿಸಿ ಮತ್ತೆ ಎಣಿಸುತ್ತಿದ್ದರು. ಆಮೇಲೆ ನನ್ನ ಹೊಟ್ಟೆ ಮೇಲೆ ಅಂಗೈ ಇಟ್ಟು ಹತ್ತು ನಿಮಿಷ ಮಾತೇ ಆಡದೆ ಕೂತಿರುತ್ತಿದ್ದರು, ಹೊಟ್ಟೆ ಎಷ್ಟು ಸಲ ಗಟ್ಟಿಯಾಗುತ್ತದೆ ಅಂತ ಲೆಕ್ಕ. ಅರ್ಧ ಗಂಟೆಗೊಮ್ಮೆ ಇದೇ. ಅಷ್ಟು ಜೋಪಾನವಾಗಿ ನೋಡಿಕೊಳ್ಳುತ್ತಿದ್ದಾರೆ ಅಂತ ಕಂಡ ಮೇಲೆ ನನ್ನ ಭಯ ಅರ್ಧ ಇಳಿಯಿತು.

ನೋವು ಜಾಸ್ತಿ ಇತ್ತಾ ಅಂದರೆ ಇತ್ತು. ಮಧ್ಯಾಹ್ನ 12ರ ನಂತರ ಬಿಗಿಯಾಗಿ ಬಂತು. ಆದರೆ ಪ್ರತಿ ನೋವಿನ ಮಧ್ಯೆ ಒಂದು ಬಿಡುವು ಇರುತ್ತದೆ, ಅದು ಸಿಕ್ಕೇ ಸಿಗುತ್ತದೆ. ಅತ್ತೆ ಸೊಂಟ ಉಜ್ಜುತ್ತಿದ್ದರು, ನಾನು ಮಂಚ ಹಿಡಿದು ನಿಂತಿರುತ್ತಿದ್ದೆ. ಮಗುವಿನ ಎದೆಬಡಿತ ನೋಡಲು ಹೊಟ್ಟೆಗೆ ಬೆಲ್ಟ್ ಕಟ್ಟಿದ್ದರು, ಅದರ ಸದ್ದು ಬೈತಖೋಲ ಬಂದರಿನಲ್ಲಿ ಬೆಳಗಿನ ಜಾವ ಹೊರಡುವ ಬೋಟಿನ ಇಂಜಿನ್ ಹಾಗೇ, ಡುಗು ಡುಗು ಡುಗು. ನನ್ನ ಅಪ್ಪನ ಬೋಟಿನ ಸದ್ದು ಕೇಳಿ ಬೆಳೆದವಳು ನಾನು, ಅದನ್ನೇ ಕೇಳುತ್ತಾ ಉಸಿರು ಬಿಡುತ್ತಿದ್ದೆ. ಸಂಜೆ 5.40ಕ್ಕೆ ಮಗಳು ಹುಟ್ಟಿದಳು. 3 ಕೆಜಿ 100 ಗ್ರಾಂ. ಜೆಲ್ ಇಟ್ಟಾಗಿನಿಂದ ಹೆಚ್ಚುಕಡಿಮೆ 24 ಗಂಟೆ. ಇನ್ನೊಂದು ಸಲ ಇದೇ ತರಹ ಅಂದರೂ ನಾನು ಹೂಂ ಅನ್ನುತ್ತೇನೆ.

ಕುಮಟಾ ಅಮ್ಮ

ನನ್ನದು ಸಣ್ಣ ಕಥೆ. 38 ವಾರ 5 ದಿನಕ್ಕೆ ರಾತ್ರಿ ಮಲಗಿದಲ್ಲೇ ನೀರು ಹೋಯಿತು, ನೋವಿಲ್ಲ. ತಕ್ಷಣ ಆಸ್ಪತ್ರೆಗೆ ಹೋದೆವು. ನೀರಿನ ಬಣ್ಣ ತಿಳಿಯಾಗಿದೆ, ಪರವಾಗಿಲ್ಲ, ಬೆಳಗ್ಗೆವರೆಗೆ ನೋಡೋಣ ಅಂದರು. ನೋವು ಬರಲಿಲ್ಲ. ಸೋಂಕು ಆಗಬಾರದು ಅಂತ ಇಂಜೆಕ್ಷನ್ ಕೊಟ್ಟು 7 ಗಂಟೆಗೆ ಡ್ರಿಪ್ ಶುರು ಮಾಡಿದರು. 4 ಗಂಟೆಗೆ ಮಗ ಕೈಯಲ್ಲಿ. ಅದೇ ದಿನ ರಾತ್ರಿ ಎದ್ದು ಓಡಾಡಿದೆ. ಭಯ ಬೇಡ ಮಾರಾಯ್ತಿ.

ಅಂಕೋಲಾ ನಿವೃತ್ತ ಸ್ಟಾಫ್ ನರ್ಸ್

ಮಗಾ, 31 ವರ್ಷ ಹೆರಿಗೆ ವಾರ್ಡಿನಲ್ಲೇ ಕೆಲಸ ಮಾಡಿದವಳು ನಾನು. ನಿನ್ನ ಪ್ರಶ್ನೆಗಳಿಗೆ ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು 41 ವಾರದ ವಿಷಯ. ಇದು ನಿಮ್ಮ ಡಾಕ್ಟರ್ ಒಬ್ಬರ ಅವಸರ ಅಲ್ಲ. 41 ವಾರ ತುಂಬಿದವರಿಗೆ ನೋವು ಬರಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ದಿನ ದಾಟಿದ ಹಾಗೆ ಮಾಸು ಹಳೆಯದಾಗುತ್ತದೆ, ನೀರು ಕಡಿಮೆ ಆಗಬಹುದು, ಮಗು ಒಳಗೇ ಮಲ ಮಾಡಿಕೊಳ್ಳುವುದು ಜಾಸ್ತಿ.

ಇನ್ನು ಕೊನೆಗೆ ಕೊಯ್ಯುವುದೇ ಅನ್ನುವ ಮಾತು. ಇದನ್ನು ನಾನೂ ವರ್ಷಗಟ್ಟಲೆ ಕೇಳಿದ್ದೇನೆ. ಅಮೆರಿಕದಲ್ಲಿ 6,000ಕ್ಕೂ ಜಾಸ್ತಿ ಚೊಚ್ಚಲ ಬಸುರಿಯರ ಮೇಲೆ ಒಂದು ದೊಡ್ಡ ಅಧ್ಯಯನ ನಡೆದು 2018ರಲ್ಲಿ ಪ್ರಕಟವಾಯಿತು. ಬೇರೆ ತೊಂದರೆ ಇಲ್ಲದವರಿಗೆ 39ನೇ ವಾರದಲ್ಲೇ ನೋವು ಬರಿಸಿದರು. ಅವರಲ್ಲಿ ಸಿಸೇರಿಯನ್ ಆದದ್ದು ನೂರಕ್ಕೆ 18.6, ಸುಮ್ಮನೆ ಕಾದವರಲ್ಲಿ 22.2. ಜಾಸ್ತಿ ಆಗಲಿಲ್ಲ, ಸ್ವಲ್ಪ ಕಡಿಮೆಯೇ ಆಯಿತು. ಅಲ್ಲಿಯ ಲೆಕ್ಕವನ್ನು ಹಾಗೇ ಇಲ್ಲಿಗೆ ತಂದು ಇಡಲು ಆಗುವುದಿಲ್ಲ. ಆದರೆ ನೋವು ಬರಿಸಿದ್ದಕ್ಕೇ ಹೊಟ್ಟೆ ಕೊಯ್ದರು ಅನ್ನುವುದು ಸರಿಯಲ್ಲ ಅಂತ ಅಷ್ಟು ಗೊತ್ತಾಗುತ್ತದೆ.

ಹೊತ್ತು ಹಿಡಿಯುವುದು ಯಾಕೆ ಅಂದರೆ, ಇದರಲ್ಲಿ ಎರಡು ಕೆಲಸ ಇದೆ. ಮೊದಲು ಗರ್ಭಕೋಶದ ಬಾಯಿ ಮೆತ್ತಗಾಗಿ ಗಿಡ್ಡ ಆಗಬೇಕು. ಒಳಗೆ ಪರೀಕ್ಷೆ ಮಾಡಿ 13ಕ್ಕೆ ಇಷ್ಟು ಅಂತ ಅಂಕ ಹಾಕುತ್ತಾರೆ, 8ರ ಮೇಲೆ ಬಂದರೆ ಬಾಯಿ ತಯಾರಾಗಿದೆ ಅಂತ. ಕಡಿಮೆ ಇದ್ದರೆ ಜೆಲ್, ಇಲ್ಲವೇ ಮಾತ್ರೆ, ಇಲ್ಲವೇ ಬಲೂನ್. ಜೆಲ್ ಆದರೆ 6 ಗಂಟೆ ಬಿಟ್ಟೇ ಮುಂದಿನದು. ಚೊಚ್ಚಲಿಗೆ ಇದೊಂದಕ್ಕೇ ಒಂದು ರಾತ್ರಿ ಹೋಗುತ್ತದೆ. ಜನ ಎರಡು ದಿನ ಕಾಯಿಸಿದರು ಅನ್ನುವುದು ಇದನ್ನೇ. ಕಾಯಿಸಿದ್ದಲ್ಲ, ಆಗ ಒಳಗೆ ಕೆಲಸ ನಡೆಯುತ್ತಿರುತ್ತದೆ.

ಆಮೇಲೆ ಡ್ರಿಪ್. ಅದರಲ್ಲಿರುವುದು ಆಕ್ಸಿಟೋಸಿನ್, ನಿನ್ನ ಮೈ ತಾನೇ ಮಾಡಿಕೊಳ್ಳುವ ಹಾರ್ಮೋನೇ. 10 ನಿಮಿಷಕ್ಕೆ ಮೂರೋ ನಾಲ್ಕೋ ನೋವು ಬರುವ ಹಾಗೆ ಹನಿ ಹೊಂದಿಸುತ್ತಾರೆ. ಐದಕ್ಕಿಂತ ಜಾಸ್ತಿ ಆದರೆ, ಮಗುವಿನ ಎದೆಬಡಿತ ಇಳಿದರೆ ಹನಿ ಕಡಿಮೆ ಮಾಡುತ್ತಾರೆ, ಇಲ್ಲ ನಿಲ್ಲಿಸಿಬಿಡುತ್ತಾರೆ. ಆ ಔಷಧಿ ರಕ್ತದಲ್ಲಿ ಕೆಲವೇ ನಿಮಿಷ ಇರುತ್ತದೆ. ಕಾರವಾರದ ತಂಗಿ ಹೇಳಿದರಲ್ಲ, ಹೊಟ್ಟೆ ಮೇಲೆ ಕೈ ಇಟ್ಟು ಕೂರುವುದು, ಅದನ್ನು ಬಿಡಲೇಬಾರದು ಅಂತ ನಾನು ಹೊಸ ಹುಡುಗಿಯರಿಗೆ ಕಲಿಸುತ್ತಿದ್ದೆ.

ಡ್ರಿಪ್ ನೋವು ಬೇಗ ಏರುತ್ತದೆ ಅನ್ನುವುದು ನಿಜ, ಮುಚ್ಚಿಡುವುದಿಲ್ಲ. ನೋವು ಕಡಿಮೆ ಮಾಡಲು ನಿಮ್ಮಲ್ಲಿ ಏನಿದೆ, ಎಪಿಡ್ಯೂರಲ್, ಅಂದರೆ ನೋವು ಗೊತ್ತಾಗದ ಹಾಗೆ ಬೆನ್ನಿಗೆ ಕೊಡುವ ಇಂಜೆಕ್ಷನ್, ಕೊಡುತ್ತೀರಾ ಅಂತ ಸೋಮವಾರ ಹೋದ ತಕ್ಷಣ ಕೇಳು. ಜೊತೆಗೆ ಒಬ್ಬ ಹೆಂಗಸನ್ನು ಒಳಗೆ ಬಿಡುತ್ತೀರಾ ಅಂತಲೂ ಕೇಳು. ಈಗ ತುಂಬ ಕಡೆ ಬಿಡುತ್ತಾರೆ. ಊಟ ಶುರುವಿನಲ್ಲಿ ಹಗುರವಾಗಿ ಮಾಡಬಹುದು, ಆಮೇಲೆ ಅವರು ಹೇಳಿದ ಹಾಗೆ.

ಹರಳೆಣ್ಣೆ ಬೇಡವೇ ಬೇಡ. ಭೇದಿ ಆಗಿ ಸುಸ್ತಾಗಿ ಬಂದವರನ್ನು ನೋಡಿದ್ದೇನೆ, ಹೆರಿಗೆಗೆ ಬೇಕಾದ ಶಕ್ತಿ ಅಲ್ಲೇ ಹೋಗುತ್ತದೆ. ಇನ್ನೊಂದು, ಇದನ್ನು ಓದುತ್ತಿರುವವರಲ್ಲಿ ಮೊದಲು ಸಿಸೇರಿಯನ್ ಆದವರಿದ್ದರೆ ನಿಮ್ಮ ಲೆಕ್ಕ ಬೇರೆ, ಕೆಲವು ಔಷಧಿ ನಿಮಗೆ ಕೊಡುವ ಹಾಗಿಲ್ಲ, ಡಾಕ್ಟರ್ ಹತ್ತಿರ ಹಳೇ ಹೊಲಿಗೆ ವಿಷಯ ಮೊದಲೇ ಹೇಳಿ.

ಹೊನ್ನಾವರ ಶರಾವತಿ ದಡ

ನನ್ನದು ಸಿಸೇರಿಯನ್‌ನಲ್ಲೇ ಮುಗಿಯಿತು. ಆದರೂ ಒಳ್ಳೆಯ ಅನುಭವ ಅಂತಲೇ ಬರೆಯುತ್ತಿದ್ದೇನೆ.

ಬಸುರಿನಲ್ಲಿ ಶುಗರ್ ಬಂದು ಇನ್ಸುಲಿನ್ ಮೇಲಿದ್ದೆ, ಅದಕ್ಕೆ 38 ವಾರ ತುಂಬಿದ ಮೇಲೆ ನೋವು ಬರಿಸಿದರು. ನನಗೆ ಬಲೂನ್ ಹಾಕಿದ್ದು. ಮೂತ್ರಕ್ಕೆ ಹಾಕುವ ಕೊಳವೆಯೇ ಅದು, ತುದಿಯ ಬಲೂನಿಗೆ ನೀರು ತುಂಬಿಸಿ ಬಾಯಿಯ ಒಳಗಡೆ ಕೂರಿಸುತ್ತಾರೆ, ಕೊಳವೆಯನ್ನು ತೊಡೆಗೆ ಅಂಟಿಸುತ್ತಾರೆ. ಅದರ ಜೊತೆಗೇ ಓಡಾಡಿದೆ. ಬೆಳಗಿನ ಜಾವ ಬಚ್ಚಲಿಗೆ ಹೋದಾಗ ತಾನಾಗೇ ಜಾರಿ ಬಂತು, ಗಾಬರಿಯಾಗಿ ಕೂಗಿದೆ. ಸಿಸ್ಟರ್ ನಗುತ್ತಾ ಬಂದು, ಬಾಯಿ ತೆರೆದಿದ್ದಕ್ಕೇ ಬಿತ್ತು, ಒಳ್ಳೆ ಸುದ್ದಿ ಅಂದರು.

6 ಸೆಂಟಿಮೀಟರ್‌ವರೆಗೆ ಹೋಗಿ ಮುಂದೆ ಹೋಗಲಿಲ್ಲ. ಮಗುವಿನ ಎದೆಬಡಿತ ಇಳಿಯತೊಡಗಿತು. ಡಾಕ್ಟರ್ ಮಂಚದ ಪಕ್ಕ ಕೂತು, ಡ್ರಿಪ್ ನಿಲ್ಲಿಸಿದ್ದೇನೆ, ಹೀಗೆ ಹೀಗೆ ಆಗುತ್ತಿದೆ, ಈಗ ಆಪರೇಷನ್ ಒಳ್ಳೆಯದು ಅಂತ ನನಗೂ ಗಂಡನಿಗೂ ವಿವರಿಸಿದರು. ನನ್ನನ್ನು ಕೇಳಿಯೇ ಮಾಡಿದರು. ಮಗ ಹುಟ್ಟಿ ಅತ್ತ. ನನಗೆ ಬೇಸರ ಉಳಿಯಲಿಲ್ಲ. ನನ್ನ ಅಕ್ಕನಿಗೆ ಏಳು ವರ್ಷದ ಹಿಂದೆ ಬೇರೊಂದು ಕಡೆ ಯಾರೂ ಏನೂ ಹೇಳದೆ ಡ್ರಿಪ್ ಹಾಕಿದ್ದರು. ಹೆರಿಗೆ ನಾರ್ಮಲ್ಲೇ ಆಯಿತು, ಆದರೂ ಅವಳು ಇವತ್ತಿಗೂ ಆ ಮಾತು ತೆಗೆದರೆ ಅಳುತ್ತಾಳೆ. ಅದಕ್ಕೆ ಹೇಳುತ್ತೇನೆ ತಂಗಿ, ಪ್ರತಿ ಸಲ ಏನಾದರೂ ಮಾಡಲು ಬಂದಾಗ ಇದೇನು, ಈಗ ಯಾಕೆ ಅಂತ ಕೇಳು. ನಾಚಿಕೊಳ್ಳಬೇಡ.

ಜೋಯಿಡಾ ಅಪ್ಪ

ಗಂಡಸಾಗಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನಮ್ಮ ಹಳ್ಳಿಯಲ್ಲಿ 108ಕ್ಕೆ ಫೋನ್ ಹಚ್ಚಬೇಕಾದರೆ ಸಿಗ್ನಲ್‌ಗೆ ಗುಡ್ಡ ಹತ್ತಬೇಕು. ಮೊದಲ ಮಗಳ ಸಲ ರಾತ್ರಿ ನೋವು ಬಂದು, ಮಳೆಯಲ್ಲಿ, ಕಾಡಿನ ದಾರಿಯಲ್ಲಿ ಜೀಪಿನಲ್ಲೇ ಹುಟ್ಟಿದಳು. ಇಬ್ಬರೂ ಬದುಕಿದ್ದು ದೇವರ ದಯೆ. ಎರಡನೇ ಸಲ ಬಿಪಿ ಏರಿತ್ತು, 37 ವಾರಕ್ಕೆ ದಿನ ಗೊತ್ತು ಮಾಡಿ ಕರೆಸಿ ನೋವು ಬರಿಸಿದರು. ಹಗಲು ಹೊತ್ತಿನಲ್ಲಿ, ಬಟ್ಟೆ ಬರೆ, ತಾಯಿ ಕಾರ್ಡ್ ಎಲ್ಲ ತೆಗೆದುಕೊಂಡು ನಡೆದುಕೊಂಡು ಒಳಗೆ ಹೋದಳು. ಅದೊಂದೇ ನನಗೆ ದೊಡ್ಡ ನೆಮ್ಮದಿ.

ಶಿರಸಿ ತವರು

ಎಲ್ಲ ಅಕ್ಕಂದಿರಿಗೆ, ಅಣ್ಣನಿಗೆ ಎಷ್ಟು ಥ್ಯಾಂಕ್ಸ್ ಹೇಳಲಿ. ಆಯಿಗೂ ಓದಿ ಹೇಳಿದೆ. ಹರಳೆಣ್ಣೆ ಬಾಟಲಿ ವಾಪಸ್ ಅಟ್ಟಕ್ಕೆ ಹೋಯಿತು. ಸಿಸ್ಟರ್ ಅಕ್ಕ, ಒಂದೇ ಪ್ರಶ್ನೆ, ಸೋಮವಾರದವರೆಗೆ ಮನೆಯಲ್ಲಿ ಏನು ಗಮನಿಸಬೇಕು?

ಅಂಕೋಲಾ ನಿವೃತ್ತ ಸ್ಟಾಫ್ ನರ್ಸ್

ಮಗುವಿನ ಓಡಾಟ. ಯಾವಾಗಲೂ ಆಡುವಷ್ಟು ಆಡುತ್ತಿಲ್ಲ ಅನಿಸಿದರೆ ಸೋಮವಾರಕ್ಕೆ ಕಾಯಬೇಡ, ರಾತ್ರಿ ಆದರೂ ಹೊರಡು. ನೀರು ಹೋದರೆ, ರಕ್ತ ಕಂಡರೆ, ಜೋರು ತಲೆನೋವು ಬಂದು ಕಣ್ಣು ಮಂಜಾದರೆ, ಆಗಲೂ ಹಾಗೇ.

ಶಿರಸಿ ತವರು

ಗುರುವಾರ ಬರೆಯುತ್ತಿದ್ದೇನೆ. ಮಗ ಹುಟ್ಟಿದ, ಮಂಗಳವಾರ ಮಧ್ಯಾಹ್ನ 2.15ಕ್ಕೆ, 2 ಕೆಜಿ 900. ಜೆಲ್ ಎರಡು ಸಲ, ಡ್ರಿಪ್ ಕೊನೆಯ ಐದು ಗಂಟೆ ಮಾತ್ರ. ಎಪಿಡ್ಯೂರಲ್ ಅಲ್ಲಿ ಇರಲಿಲ್ಲ. ಆಯಿಯನ್ನು ಒಳಗೆ ಬಿಟ್ಟರು. ನೋವು ತಡೆಯಲು ಆಗುವುದಿಲ್ಲ ಅನಿಸಿದ್ದು ಒಂದು ಗಂಟೆ, ಅದು ನಿಜ, ಆಗ ಆಯಿ ಕೈ ಹಿಂಡಿದ ಗುರುತು ಇನ್ನೂ ಅವಳ ಮಣಿಕಟ್ಟಿನಲ್ಲಿದೆ. ಪ್ರತಿ ಸಲ ಇದೇನು, ಈಗ ಯಾಕೆ ಅಂತ ಕೇಳಿದೆ. ಎಲ್ಲರೂ ಹೇಳಿದರು, ಯಾರೂ ರೇಗಲಿಲ್ಲ. ರಾತ್ರಿ ಎರಡನೇ ಜೆಲ್ ಇಟ್ಟಾಗ ಅಳು ಬರಲಿಲ್ಲ, ಒಳಗೆ ಕೆಲಸ ನಡೆಯುತ್ತಿದೆ ಅಂದುಕೊಂಡು ಮಲಗಿದೆ.

ನಾಡಿದ್ದು ಮನೆಗೆ ಕಳಿಸುತ್ತಾರಂತೆ. ಮಗು ಎದ್ದ, ಹಾಲು ಕುಡಿಸಬೇಕು, ಉಳಿದದ್ದು ಆಮೇಲೆ ಬರೆಯುತ್ತೇನೆ.